ರಾತ್ರಿ 2 ಗಂಟೆ, 118 ಡಿಗ್ರಿ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ದ್ವಿತೀಯ ಪಿಯುಸಿ ಸೈನ್ಸ್ ಮಕ್ಕಳಿಗೆ ಒಂದು ಬಹಿರಂಗ ಪತ್ರ

ಪ್ರೀತಿಯ ಮಕ್ಕಳೇ,

ಈ ಪತ್ರದ ವಿಷಯ ಕಂಪ್ಯೂಟರ್ ಸೈನ್ಸ್ ಓದಲು ಹಾಕುವ ಅರ್ಜಿಯ ಪ್ರಬಂಧ ಅಂದರೆ ನಿಮ್ಮಲ್ಲಿ ಬಹಳ ಜನ ‘ಇದು ನಮಗಲ್ಲ’ ಅಂದುಕೊಳ್ಳುತ್ತೀರಿ. ನಮ್ಮ ರಾಜ್ಯದಲ್ಲಿ ಕಂಪ್ಯೂಟರ್ ಸೈನ್ಸ್ ಸೀಟಿಗೆ ಯಾರೂ ಪ್ರಬಂಧ ಬರೆಸುವುದಿಲ್ಲ. ಸಿಇಟಿಯಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಸೇರಿ 180 ಪ್ರಶ್ನೆ. ಅದರದ್ದು ಅರ್ಧ, ಪಿಯುಸಿ ಅಂಕದ್ದು ಅರ್ಧ ಕೂಡಿಸಿ ಒಂದು ರ‍್ಯಾಂಕು. ಆಮೇಲೆ ಆಪ್ಷನ್ ಎಂಟ್ರಿ, ಮಾಕ್ ಅಲಾಟ್‌ಮೆಂಟು, ಸೀಟು. ನೀನು ಯಾರು, ಈ ವಿಷಯವನ್ನೇ ಯಾಕೆ ಓದಬೇಕು ಎಂದು ಆ ದಾರಿಯುದ್ದಕ್ಕೂ ಒಬ್ಬರೂ ಕೇಳುವುದಿಲ್ಲ.

ಕೇಳುವ ಕಡೆಗೂ ಈಗ ನಮ್ಮ ಮಕ್ಕಳು ಅರ್ಜಿ ಹಾಕುತ್ತಿದ್ದಾರೆ. ಸೋನಿಪತ್‌ನ ಅಶೋಕ ವಿಶ್ವವಿದ್ಯಾಲಯದಂಥ ಖಾಸಗಿ ವಿಶ್ವವಿದ್ಯಾಲಯಗಳು ಪ್ರಬಂಧ ಬರೆಸುತ್ತವೆ. ಅಮೆರಿಕದಲ್ಲಂತೂ ಕಾಮನ್ ಆ್ಯಪ್ ಎಂಬ ಒಂದೇ ಅರ್ಜಿಯಲ್ಲಿ ಸಾವಿರಕ್ಕೂ ಹೆಚ್ಚು ಕಾಲೇಜುಗಳಿಗೆ ಅರ್ಜಿ ಹಾಕಬಹುದು, ಅದರ ಮುಖ್ಯ ಪ್ರಬಂಧಕ್ಕೆ ಮಿತಿ 650 ಪದ. ಕಾರ್ನೆಗಿ ಮೆಲನ್, ಇಲಿನಾಯ್‌ನಂಥ ಕಡೆ ಕಂಪ್ಯೂಟರ್ ಸೈನ್ಸ್‌ಗೆ ಎಷ್ಟು ನೂಕುನುಗ್ಗಲೆಂದರೆ ಪೂರ್ತಿ ಅಂಕ ಬಂದವರನ್ನೂ ಸಾಲುಸಾಲಾಗಿ ವಾಪಸು ಕಳಿಸುತ್ತಾರೆ. ಅಂಕ ಎಲ್ಲರಿಗೂ ಇರುವಾಗ ಒಬ್ಬರಿಂದ ಒಬ್ಬರನ್ನು ಬೇರೆ ಮಾಡಿ ತೋರಿಸಲು ಪ್ರಬಂಧವೂ ಒಂದು ದಾರಿ.

ನಾನು ಮೂವತ್ತು ವರ್ಷ ಪಿಯು ಕಾಲೇಜುಗಳಲ್ಲಿ ಕನ್ನಡ ಹೇಳಿದವನು. ಕಂಪ್ಯೂಟರ್ ನನ್ನ ವಿಷಯವಲ್ಲ, ಪ್ರಬಂಧ ನನ್ನ ವಿಷಯ. ಈ ಪತ್ರ ಬರೆಯಲು ಕಾರಣ ಒಬ್ಬಳು ಹುಡುಗಿ.

ಹೋದ ವರ್ಷ ಡಿಸೆಂಬರ್ ಎರಡನೇ ವಾರ ಪಿರಿಯಾಪಟ್ಟಣ ಕಡೆಯ ಹಳ್ಳಿಯಿಂದ ಅವಳು ಅಪ್ಪನ ಬೈಕಿನ ಹಿಂದೆ ಕೂತು ಹುಣಸೂರಿನ ನಮ್ಮ ಮನೆಗೆ ಬಂದಳು. ಜನವರಿ 1ಕ್ಕೆ ಅರ್ಜಿಗೆ ಕೊನೇ ದಿನ. ಕೈಯಲ್ಲಿ ಟೈಪ್ ಮಾಡಿಸಿದ ಎರಡು ಹಾಳೆ. ಮೈಸೂರಿನಲ್ಲಿ ಒಬ್ಬರು ಕನ್ಸಲ್ಟೆಂಟು ಬರೆದುಕೊಟ್ಟದ್ದು. ಅವರ ಹೆಸರು ಇಲ್ಲಿ ಬೇಡ. ಆ ಎರಡು ಹಾಳೆಗೆ ಅವಳಪ್ಪ ಕೊಟ್ಟದ್ದು ಎರಡು ಬೇಲು ಹೊಗೆಸೊಪ್ಪಿನ ದುಡ್ಡು.

ಓದಿದೆ. ಐದನೇ ವಯಸ್ಸಿನಲ್ಲಿ ಕೀಬೋರ್ಡಿನ ಮೇಲೆ ಬೆರಳಿಟ್ಟ ದಿನವೇ ತನ್ನ ಬದುಕಿನ ಗುರಿ ಗೊತ್ತಾಯಿತಂತೆ. ಲಾಕ್‌ಡೌನಿನಲ್ಲಿ ಊರಿನ ವೃದ್ಧರಿಗೆ ಔಷಧಿ ತಲುಪಿಸಲು ಒಂದು ಆ್ಯಪ್ ಕಟ್ಟಿದಳಂತೆ. ಇಂಗ್ಲಿಷಿನಲ್ಲಿ ಒಂದು ತಪ್ಪಿಲ್ಲ.

‘ಇದು ನೀನೇನಮ್ಮ?’ ಅಂದೆ.

‘ಅಲ್ಲ ಸಾರ್. ನಾನು ಕೀಬೋರ್ಡ್ ಮುಟ್ಟಿದ್ದು ಎಂಟನೇ ಕ್ಲಾಸಲ್ಲಿ. ಆದ್ರೆ ಹಿಂಗೇ ಬರೀಬೇಕಂತೆ.’

‘ಲಾಕ್‌ಡೌನಲ್ಲಿ ಏನು ಮಾಡ್ತಿದ್ದೆ?’

‘ಏನೂ ಮಾಡ್ಲಿಲ್ಲ ಸಾರ್. ರಾತ್ರಿ ಬ್ಯಾರನ್ ಕಾಯ್ತಿದ್ದೆ.’

ಬ್ಯಾರನ್ ಕಾಯುವುದು ಅಂದರೇನು ಎಂದು ನಿಮಗೆ ಹೇಳಬೇಕಾಗಿಲ್ಲ. ಅಮೆರಿಕದಲ್ಲಿ ಕೂತು ಅರ್ಜಿ ಓದುವವರಿಗೆ ಹೇಳಬೇಕು. ನಿಮ್ಮಲ್ಲೂ ಕೆ.ಆರ್. ನಗರದ ಗದ್ದೆ ಬಯಲಿನವರಿಗೆ ಪೂರ್ತಿ ಗೊತ್ತಿರಲಾರದು. ಹೊಲದಿಂದ ಮುರಿದು ತಂದ ಹಸಿ ಹೊಗೆಸೊಪ್ಪನ್ನು ಹೆಂಗಸರು ಕಡ್ಡಿಗೆ ಕಟ್ಟುತ್ತಾರೆ. ಕಡ್ಡಿಗಳನ್ನು ಬ್ಯಾರನ್ನಿನೊಳಗೆ ಅಟ್ಟ ಅಟ್ಟವಾಗಿ ತೂಗುಹಾಕಿ ಬಾಗಿಲು ಮುಚ್ಚುತ್ತಾರೆ. ಹೊರಗಿನ ಒಲೆಗೆ ಸೌದೆ, ಒಳಗೆ ನೆಲದ ಮೇಲೆ ಹಾದುಹೋಗುವ ದಪ್ಪ ತಗಡಿನ ಕೊಳವೆ. ಬೆಂಕಿ ಸೊಪ್ಪಿಗೆ ತಾಗಬಾರದು, ಹೊಗೆಯೂ ತಾಗಬಾರದು, ಬರೀ ಕಾವು ತಾಗಬೇಕು. ಮೊದಲು 90ರಿಂದ 105 ಡಿಗ್ರಿ ಫ್ಯಾರನ್‌ಹೀಟಿನಲ್ಲಿ ಹಸಿರು ಹೋಗಿ ಹಳದಿ ತಿರುಗಬೇಕು. ಆಮೇಲೆ ಕಾವು ಮೆಲ್ಲಗೆ ಏರಿಸುತ್ತ ಬಣ್ಣ ಗಟ್ಟಿಯಾಗಬೇಕು, ಎಲೆ ಒಣಗಬೇಕು. ಕಡೆಗೆ 160ರ ಹತ್ತಿರ ಎಲೆಯ ನಡುದಂಟು ಒಣಗಿ ಪಟ್ಟೆಂದು ಮುರಿಯಬೇಕು. ಇದಕ್ಕೆ ಐದಾರು ದಿನ. ಅಷ್ಟು ದಿನವೂ ಹಗಲೂ ರಾತ್ರಿ ಯಾರಾದರೊಬ್ಬರು ಕಿಂಡಿಯಲ್ಲಿ ಟಾರ್ಚು ಬಿಟ್ಟು ಒಳಗಿನ ಥರ್ಮಾಮೀಟರು ನೋಡುತ್ತಿರಬೇಕು. ನಡುವಿನ ಹಂತದಲ್ಲಿ ಕಾವು ಸರಕ್ಕನೆ ಏರಿದರೆ ಸೊಪ್ಪು ಕಪ್ಪಿಡುತ್ತದೆ, ಕಟ್ಟೆಮಳಲವಾಡಿಯ ಹರಾಜಿನಲ್ಲಿ ಅದರ ಬೆಲೆ ಪಾತಾಳಕ್ಕೆ ಇಳಿಯುತ್ತದೆ.

ಆ ವರ್ಷ ಕೂಲಿಗೆ ಜನ ಬರಲಿಲ್ಲ. ಅಪ್ಪ ಹಗಲೆಲ್ಲ ಹೊಲದಲ್ಲಿ ಸೊಪ್ಪು ಮುರಿದು ಬಂದು ರಾತ್ರಿ ಕೂತಲ್ಲೇ ತೂಕಡಿಸುತ್ತಿದ್ದರು. ಹುಡುಗಿ ಹೊಸ ಕೆಲಸವೇನೂ ಹುಡುಕಿಕೊಳ್ಳಲಿಲ್ಲ, ನಿದ್ದೆ ತಡೆಯಲು ಹಳೇ ಲೆಕ್ಕದ ನೋಟ್‌ಬುಕ್ಕಿನಲ್ಲಿ ಅರ್ಧ ಗಂಟೆಗೊಮ್ಮೆ ಡಿಗ್ರಿ ಬರೆದಿಟ್ಟಳು. ಮುಂದಿನ ವರ್ಷವೂ ಬರೆದಳು, ಅದರ ಮುಂದಿನ ವರ್ಷವೂ ಬರೆದಳು. ಹೊತ್ತು, ಡಿಗ್ರಿ, ಹಾಕಿದ ಸೌದೆ, ಹೊರಗೆ ಮಳೆಯಿತ್ತೋ ಇಲ್ಲವೋ, ಕಡೆಗೆ ಆ ಸೊಪ್ಪಿಗೆ ಬಿದ್ದ ಬೆಲೆ. ಪಿಯುಸಿಗೆ ಬಂದ ಮೇಲೆ ಅದನ್ನೆಲ್ಲ ಫೋನಿನಲ್ಲೇ ಕೋಷ್ಟಕ ಮಾಡಿ ನೋಡಿದಾಗ ಕೆಟ್ಟ ಬ್ಯಾರನ್‌ಗಳೆಲ್ಲ ಒಂದೇ ಥರ ಕೆಟ್ಟಿದ್ದವು: ಎರಡನೇ ಹಂತದಲ್ಲಿ, ನಡುರಾತ್ರಿ ಕಳೆದ ಮೇಲೆ, ಕಾಯುವವರು ಮಲಗಿಬಿಡುತ್ತೇವೆಂಬ ಭಯಕ್ಕೆ ಒಲೆಗೆ ಒಟ್ಟಿಗೆ ಜಾಸ್ತಿ ಸೌದೆ ತುಂಬಿದ ರಾತ್ರಿಗಳಲ್ಲಿ. ಆ ಹೊತ್ತಿಗೆ ಸರಿಯಾಗಿ ಅಪ್ಪನ ಫೋನಿಗೆ ಅಲಾರಾಂ ಇಟ್ಟಳು. ‘ಎರಡೇ ತುಂಡು ಹಾಕಿ’ ಎಂದು ತನ್ನ ದನಿಯಲ್ಲೇ ರೆಕಾರ್ಡ್ ಮಾಡಿದ ಅಲಾರಾಂ.

ಇಷ್ಟು ಹೇಳಿ, ‘ಇದು ಬರೆಯೋಂಥದ್ದಾ ಸಾರ್?’ ಅಂತ ಕೇಳಿದಳು.

ಮಕ್ಕಳೇ, ನನಗೆ ಗಂಟಲು ಕಟ್ಟಿತು. ಮಾಹಿತಿ ಕೂಡಿಹಾಕುವುದು, ಅದರಲ್ಲಿ ಮತ್ತೆ ಮತ್ತೆ ಬರುವ ಗುರುತು ಹಿಡಿಯುವುದು, ತಪ್ಪು ಎಲ್ಲಿ ಹುಟ್ಟುತ್ತದೆಂದು ಹುಡುಕುವುದು, ದಣಿದ ಮನುಷ್ಯನಿಗೂ ಪಾಲಿಸಲು ಆಗುವಂಥ ಸಣ್ಣ ಸೂಚನೆ ಬರೆಯುವುದು. ಕಂಪ್ಯೂಟರ್ ಸೈನ್ಸ್ ಹೇಳುವ ನನ್ನ ಸ್ನೇಹಿತರೊಬ್ಬರನ್ನು ಕೇಳಿದೆ. ‘ನಾಲ್ಕು ವರ್ಷ ನಾವು ಹೇಳಿಕೊಡಲು ಒದ್ದಾಡುವುದು ಇದನ್ನೇ’ ಅಂದರು. ಇಂಥದ್ದನ್ನು ಮಾಡಿದ ಹುಡುಗಿ ‘ಏನೂ ಮಾಡ್ಲಿಲ್ಲ’ ಅಂದುಕೊಂಡಿದ್ದಾಳೆ, ಎಂದೂ ಇಲ್ಲದ ಆ್ಯಪಿನ ಕಥೆಗೆ ಅವಳಪ್ಪ ಎರಡು ಬೇಲಿನ ದುಡ್ಡು ತೆತ್ತಿದ್ದಾರೆ.

ಕನ್ಸಲ್ಟೆಂಟರಿಗೆ ಅವಳು ಬ್ಯಾರನ್ ವಿಷಯ ಹೇಳಿದ್ದಳಂತೆ. ‘ತಂಬಾಕು ಅಂದರೆ ಅಲ್ಲಿಯವರು ಮುಖ ಸಿಂಡರಿಸುತ್ತಾರೆ, ಅದು ಬೇಡ’ ಅಂದರಂತೆ. ನಾನು ಅವಳಿಗೆ ಹೇಳಿದ್ದು: ಮುಖ ಸಿಂಡರಿಸಲಿ, ನೀನು ಅದನ್ನೂ ಬರಿ. ತಂಬಾಕು ಜನರನ್ನು ಕೊಲ್ಲುತ್ತದೆ ಎಂಬುದು ನಿಜ. ಅದರ ನಿಯಂತ್ರಣಕ್ಕೆಂದು 2003ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯಲ್ಲಿ ಆದ ಒಪ್ಪಂದಕ್ಕೆ ಭಾರತವೂ ಸೇರಿದೆ. ಅದೇ ಭಾರತ ಸರ್ಕಾರದ ತಂಬಾಕು ಮಂಡಳಿ ನಿನ್ನಪ್ಪನಿಗೆ ಲೈಸೆನ್ಸು ಕೊಟ್ಟು, ಇಷ್ಟು ಕಿಲೋ ಬೆಳಿ ಎಂದು ಮಿತಿ ಹಾಕಿ, ಹರಾಜನ್ನೂ ನಡೆಸುತ್ತದೆ. ಈ ಕೆಂಪು ನೆಲದಲ್ಲಿ, ಮಳೆ ನಂಬಿಕೊಂಡು, ಇದರಷ್ಟು ದುಡ್ಡು ಕೊಡುವ ಬೇರೆ ಬೆಳೆ ಅವರಿಗೆ ಇನ್ನೂ ಸಿಕ್ಕಿಲ್ಲ. ಇವೆಲ್ಲ ಒಂದೇ ಮನೆಯಲ್ಲಿ ಒಟ್ಟಿಗೆ ಇರುತ್ತವೆ, ನಿನಗೆ ಅದು ಗೊತ್ತಿದೆ. ಹದಿನೇಳು ವರ್ಷದವಳು ಅದನ್ನು ಮುಚ್ಚಿಡದೆ ಹೇಳಿದರೆ, ಓದುವವರಿಗೆ ಒಬ್ಬ ವ್ಯಕ್ತಿ ಕಾಣುತ್ತಾಳೆ.

ಪ್ರಬಂಧ ಕೇಳುವ ಪದ್ಧತಿಯೇ ಶ್ರೇಷ್ಠ, ನಮ್ಮ ರ‍್ಯಾಂಕು ಕೀಳು ಎಂದು ನಾನು ಹೇಳುತ್ತಿಲ್ಲ. ಆ ಪದ್ಧತಿಗೂ ಒಂದು ಚರಿತ್ರೆಯಿದೆ. ಅಮೆರಿಕದ ದೊಡ್ಡ ವಿಶ್ವವಿದ್ಯಾಲಯಗಳು ಮೊದಲು ಮುಖ್ಯವಾಗಿ ಪರೀಕ್ಷೆಯ ಮೇಲೆಯೇ ಮಕ್ಕಳನ್ನು ತೆಗೆದುಕೊಳ್ಳುತ್ತಿದ್ದವು. ಆ ಪರೀಕ್ಷೆಗಳಲ್ಲಿ ಬಡ ಯಹೂದಿ ವಲಸಿಗರ ಮಕ್ಕಳು ಮೇಲಕ್ಕೆ ಬರತೊಡಗಿದಾಗ, 1922ರಲ್ಲಿ ಹಾರ್ವರ್ಡ್‌ನ ಅಧ್ಯಕ್ಷ ಲೋವೆಲ್, ಯಹೂದಿ ವಿದ್ಯಾರ್ಥಿಗಳ ಸಂಖ್ಯೆಗೆ ಮಿತಿ ಹಾಕಬೇಕೆಂದರು. ಅದಕ್ಕೆ ನೇರ ವಿರೋಧ ಬಂತು. 1926ರ ಹೊತ್ತಿಗೆ ‘ಗುಣಶೀಲ’, ‘ವ್ಯಕ್ತಿತ್ವ’ ನೋಡುತ್ತೇವೆ ಎಂಬ ಮಾತು ಬಂತು, ಅರ್ಜಿಗೆ ಭಾವಚಿತ್ರ ಅಂಟಿಸಬೇಕಾಯಿತು. ಜೆರೋಮ್ ಕಾರಬೆಲ್ ಎಂಬ ಸಮಾಜಶಾಸ್ತ್ರಜ್ಞರು 2005ರಲ್ಲಿ ಈ ಇತಿಹಾಸವನ್ನೆಲ್ಲ ದೊಡ್ಡ ಪುಸ್ತಕ ಮಾಡಿದ್ದಾರೆ. ‘ನೀನು ಯಾರು’ ಎಂದು ಕೇಳತೊಡಗಿದ್ದು ಕೆಲವರನ್ನು ಹೊರಗಿಡಲು.

ಅದೇ ವರ್ಷಗಳಲ್ಲಿ ನಮ್ಮಲ್ಲಿ ನಡೆದದ್ದು ನೋಡಿ. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಸರ್ ಲೆಸ್ಲಿ ಮಿಲ್ಲರ್ ಸಮಿತಿ ನೇಮಿಸಿದರು, 1921ರಲ್ಲಿ ಹಿಂದುಳಿದ ಸಮುದಾಯಗಳಿಗೆ ಸರ್ಕಾರಿ ಕೆಲಸದಲ್ಲಿ ಪಾಲು ಕೊಡುವ ಆದೇಶ ಬಂತು. ಕೆ.ಆರ್. ನಗರದ ಮಕ್ಕಳೇ, ನಿಮ್ಮ ಊರಿಗೆ ಅವರ ಹೆಸರೇ ಇರುವುದು. ಅರ್ಧ ಶತಮಾನದ ಮೇಲೆ, 1972ರಲ್ಲಿ, ಹುಣಸೂರು ತಾಲೂಕಿನ ಕಲ್ಲಹಳ್ಳಿಯ ದೇವರಾಜ ಅರಸರು ಮುಖ್ಯಮಂತ್ರಿಯಾಗಿ ಹಾವನೂರು ಆಯೋಗ ರಚಿಸಿದರು. 1975ರಲ್ಲಿ ಅದರ ವರದಿ ಬಂತು. ಇವತ್ತು ಸಿಇಟಿ ಅರ್ಜಿಯಲ್ಲಿ ನೀವು ತುಂಬುವ ಪ್ರವರ್ಗದ ಕಾಲಮ್ಮಿನ ಹಿಂದೆ ಆ ಜಗಳ, ಆ ಓಡಾಟ ಎಲ್ಲ ಇದೆ. ಅಲ್ಲಿ ‘ನೀನು ಯಾರು’ ಎಂಬ ಪ್ರಶ್ನೆ ಬಾಗಿಲು ಮುಚ್ಚಿತು. ಇಲ್ಲಿ ಅದೇ ಪ್ರಶ್ನೆ ಬಾಗಿಲು ತೆರೆಯಿತು.

ಸಿಇಟಿ ಅರ್ಜಿಯಲ್ಲೂ ನಿಮ್ಮ ಊರು ಕೇಳುವ ಒಂದು ಜಾಗ ಇದೆ, ಗ್ರಾಮೀಣ ವ್ಯಾಸಂಗ ಪ್ರಮಾಣ ಪತ್ರ. ಒಂದರಿಂದ ಹತ್ತನೇ ತರಗತಿವರೆಗೆ ಹಳ್ಳಿಯಲ್ಲೇ ಓದಿದವರಿಗೆ ನೂರಕ್ಕೆ 15, ಕನ್ನಡ ಮಾಧ್ಯಮದವರಿಗೆ ನೂರಕ್ಕೆ 5 ಸೀಟು. ಎಷ್ಟೋ ಮಕ್ಕಳಿಗೆ ನಾನು ಅದನ್ನು ತುಂಬಿಸಿದ್ದೇನೆ. ತರಗತಿ, ವರ್ಷ, ಶಾಲೆ, ಹಳ್ಳಿ, ತಾಲೂಕು. ಕೆಳಗೆ ಹೆಡ್‌ಮಾಸ್ಟರ ಸಹಿ, ಬಿಇಒ ಮೇಲುಸಹಿ. ನಡುವೆ ಶಾಲೆ ಬದಲಾಯಿಸಿದ ಸಾಲು ಕಂಡಾಗಲೆಲ್ಲ ಕೇಳುತ್ತಿದ್ದೆ, ಇಲ್ಲಿ ಏನಾಯ್ತು? ‘ಅಪ್ಪ ತೀರ್ಕೊಂಡ್ರು ಸಾರ್, ಅಜ್ಜಿ ಮನೆಗೆ ಹೋದ್ವಿ.’ ‘ಆನೆ ಕಾಟಕ್ಕೆ ಹೊಲ ಬಿಟ್ವಿ ಸಾರ್.’ ನಮೂನೆಯಲ್ಲಿ ಅದಕ್ಕೆ ಜಾಗವಿಲ್ಲ. ಬರೆಯಬೇಕಾದ ಪ್ರಬಂಧ ಆ ಎರಡು ಸಾಲುಗಳ ನಡುವೆ ಇರುತ್ತದೆ.

ಇಲ್ಲಿ ನನ್ನದೊಂದು ತಪ್ಪನ್ನೂ ಹೇಳಬೇಕು. ಸುಮಾರು ಹತ್ತು ವರ್ಷದ ಹಿಂದೆ ಎಚ್.ಡಿ. ಕೋಟೆ ಕಡೆಯ ಒಬ್ಬ ಹುಡುಗ ವಿದ್ಯಾರ್ಥಿವೇತನದ ಅರ್ಜಿ ತಂದ. ನಾಳೆಯೇ ಕೊನೇ ದಿನ. ಪಾಪ ಅನ್ನಿಸಿ, ರಾತ್ರಿ ಕೂತು ನಾನೇ ಬರೆದೆ. ಕಬಿನಿಯ ಹಿನ್ನೀರು, ಮುಳುಗಿದ ಊರು, ಅವನ ಅಜ್ಜನ ನೆನಪು, ಚೆನ್ನಾಗೇ ಬರೆದೆ. ಆಯ್ಕೆಯ ಮೊದಲ ಸುತ್ತು ಗೆದ್ದ. ಸಂದರ್ಶನದಲ್ಲಿ ‘ನಿನ್ನ ಅಜ್ಜನ ಬಗ್ಗೆ ಇನ್ನಷ್ಟು ಹೇಳು’ ಅಂದರಂತೆ. ನಾನು ಬರೆದಿದ್ದ ಅಜ್ಜ ಅವನ ಅಜ್ಜನಾಗಿರಲಿಲ್ಲ. ಹುಡುಗ ತಲೆ ತಗ್ಗಿಸಿ ಕೂತು ಎದ್ದು ಬಂದ. ಅವನಿಗೆ ಹೇಳಲು ತನ್ನದೇ ಬೇಕಾದಷ್ಟು ಇತ್ತು, ನಾನು ಕೇಳಲೇ ಇಲ್ಲ. ಆವತ್ತಿನಿಂದ ಯಾರಿಗೂ ಒಂದು ವಾಕ್ಯವನ್ನೂ ಬರೆದುಕೊಟ್ಟಿಲ್ಲ. ಕೇಳುತ್ತೇನೆ, ಅಷ್ಟೇ. ಇವತ್ತು ಆ ಕೆಲಸ ಮಾಡಿಕೊಡುವ ಯಂತ್ರ ನಿಮ್ಮ ಫೋನಿನಲ್ಲೇ ಇದೆ. ‘ಬಡ ರೈತನ ಮಗಳ ಪ್ರಬಂಧ ಬರೆದುಕೊಡು’ ಅಂದರೆ ಅರೆಕ್ಷಣದಲ್ಲಿ ಬರೆಯುತ್ತದೆ. ಅದರೊಳಗಿನ ಅಜ್ಜನೂ ನಿಮ್ಮ ಅಜ್ಜನಾಗಿರುವುದಿಲ್ಲ.

ಹಾಗಾದರೆ ಏನು ಬರೆಯಬೇಕು ಎಂದು ಕೇಳುತ್ತೀರಿ. ಕೆ.ಆರ್. ನಗರದ ಗದ್ದೆ ಬಯಲಿನವರು ನೀರುಗಂಟಿಯನ್ನು ನೋಡಿ ಬೆಳೆದಿದ್ದೀರಿ. ನಾಲೆಯಲ್ಲಿ ನೀರು ಇಷ್ಟೇ, ಗದ್ದೆ ಅಷ್ಟು. ಯಾರ ತೂಬು ಎಷ್ಟು ಹೊತ್ತು ತೆರೆಯಬೇಕು, ಕೊನೇ ಗದ್ದೆಯವನಿಗೆ ಬೈಗುಳ ಬರುವ ಮೊದಲೇ ನೀರು ಹೇಗೆ ಮುಟ್ಟಬೇಕು, ಮೇಲಿನವನು ರಾತ್ರಿ ಕಳ್ಳತನದಲ್ಲಿ ತಿರುಗಿಸಿಕೊಂಡರೆ ಬೆಳಗ್ಗೆ ಸರದಿ ಹೇಗೆ ಸರಿಮಾಡಬೇಕು. ಇರುವ ಸ್ವಲ್ಪವನ್ನು ಕಾಯುವ ಹಲವರಿಗೆ ಸರದಿಯಲ್ಲಿ ಹಂಚುವ ಲೆಕ್ಕ ಕಂಪ್ಯೂಟರಿನೊಳಗೂ ಕ್ಷಣಕ್ಷಣ ನಡೆಯುತ್ತದೆ. ನಿಮ್ಮೂರಿನ ನೀರುಗಂಟಿ ಅದನ್ನು ಹೆಗಲ ಮೇಲೆ ಸನಿಕೆ ಇಟ್ಟುಕೊಂಡು ಮಾಡುತ್ತಾನೆ. ಒಂದು ದಿನ ಅವನ ಹಿಂದೆ ನಡೆದು ನೋಡಿ, ಆಮೇಲೆ ಬರೆಯಿರಿ.

ಎಚ್.ಡಿ. ಕೋಟೆಯವರು, ಸರಗೂರಿನವರು (ಬೇರೆ ತಾಲೂಕಾದರೂ ನನ್ನ ಲೆಕ್ಕದಲ್ಲಿ ನೀವು ಕೋಟೆಯವರೇ), ನಿಮಗೊಂದು ಎಚ್ಚರಿಕೆ. ಕಾಡಂಚಿನ ಊರು, ಹಾಡಿ, ಹುಲಿ, ಆನೆ ಅಂದ ಕೂಡಲೇ ಓದುವವರ ಕಣ್ಣು ಒದ್ದೆಯಾಗುತ್ತದೆಂದು ನಿಮಗೆ ಯಾರಾದರೂ ಹೇಳಿಯೇ ಹೇಳುತ್ತಾರೆ. ಕಣ್ಣೀರು ಮಾರಬೇಡಿ. ಜೇನುಕುರುಬರ ಹಾಡಿಯ ಹುಡುಗನೊಬ್ಬ ನನ್ನ ಹತ್ತಿರ ಹೇಳಿದ: ‘ಫೋನಲ್ಲಿ ಕನ್ನಡದಲ್ಲಿ ಮಾತಾಡಿದ್ರೆ ಅಕ್ಷರ ಮೂಡ್ತದೆ ಸಾರ್, ನಮ್ಮಜ್ಜಿ ಮಾತಾಡಿದ್ರೆ ಏನೇನೋ ಮೂಡ್ತದೆ.’ ಆ ಮಾತಿನಲ್ಲಿ ಬಡತನ ಎಲ್ಲೂ ಇಲ್ಲ. ಒಂದು ಪ್ರಶ್ನೆ ಇದೆ. ಕನ್ನಡ ಅಕ್ಷರವೇ ಕಂಪ್ಯೂಟರಿಗೆ ಒಗ್ಗಲು ಕೆ.ಪಿ. ರಾವ್ ಅಂಥವರು ಕೂತು ಕೀಲಿಮಣೆ ಜೋಡಿಸಬೇಕಾಯಿತು. ಜೇನುಕುರುಬರ ನುಡಿಗೆ ಆ ಕೆಲಸ ಯಾರು ಮಾಡುತ್ತಾರೆ? ಅಜ್ಜಿಯ ಮಾತನ್ನು ಫೋನು ಎಲ್ಲಿ ತಪ್ಪಾಗಿ ಕೇಳಿಸಿಕೊಳ್ಳುತ್ತದೆ ಎಂದು ಅವನೊಬ್ಬನೇ ಪಟ್ಟಿ ಮಾಡಿದರೂ, ಆ ಪಟ್ಟಿಯನ್ನು ಕಾರ್ನೆಗಿ ಮೆಲನ್‌ನ ಪ್ರೊಫೆಸರರು ಮುಂದಕ್ಕೆ ಬಗ್ಗಿ ಓದುತ್ತಾರೆ.

ಬರೆಯುವ ಬಗೆ ಹೇಳುತ್ತೇನೆ. ಮೊದಲು ಕನ್ನಡದಲ್ಲಿ, ಪೆನ್ಸಿಲಿನಲ್ಲಿ, ಮನೆಯಲ್ಲಿ ಆಡುವ ಮಾತಿನಲ್ಲೇ ಬರೆಯಿರಿ. ಒಂದೇ ರಾತ್ರಿ, ಒಂದೇ ಕೆಲಸ, ಒಂದೇ ತಪ್ಪು ಸಾಕು. ಹುಟ್ಟಿದಾಗಿನಿಂದ ಶುರುಮಾಡಬೇಡಿ. ‘ಶ್ರಮ’ ಅಂತ ಬರೆದ ಕಡೆ ಎಷ್ಟು ಗಂಟೆ, ಎಷ್ಟು ಡಿಗ್ರಿ, ಎಷ್ಟು ಕಡ್ಡಿ ಅಂತ ಬರೆಯಿರಿ. ಒಂದು ವಾರ ಬಿಟ್ಟು, ಕನ್ನಡದ ಹಾಳೆ ಮಗುಚಿಟ್ಟು, ಅದನ್ನೇ ಇಂಗ್ಲಿಷಿನಲ್ಲಿ ಹೊಸದಾಗಿ ಹೇಳಿ. ಇಂಗ್ಲಿಷು ಸಣ್ಣ ಸಣ್ಣ ವಾಕ್ಯವಾಗಿ ಬಂದರೆ ಬರಲಿ. ಇಂಗ್ಲಿಷ್ ಮೇಷ್ಟ್ರು ವ್ಯಾಕರಣ ತಿದ್ದಲಿ, ಮಾತು ತಿದ್ದುವುದು ಬೇಡ. ಡಿಸೆಂಬರ್‌ಗೆ ಓಡಿ ಬರಬೇಡಿ. ಈಗಲೇ ಶುರುಮಾಡಿ, ಸಿಇಟಿ ಓದಿನ ನಡುವೆ ವಾರಕ್ಕೊಂದು ಗಂಟೆ ಸಾಕು.

ದುಡ್ಡಿನ ಮಾತನ್ನು ಅಪ್ಪ ಅಮ್ಮನ ಮುಂದೆ ಕೂತು ನೇರವಾಗಿ ಮಾತಾಡಿ. ಅಮೆರಿಕದ ಎಷ್ಟೋ ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ಓದು, ವಾಸ ಸೇರಿ ವರ್ಷಕ್ಕೆ 80 ಸಾವಿರ ಡಾಲರ್ ದಾಟುತ್ತದೆ. ಹೊರದೇಶದ ಮಕ್ಕಳ ಮನೆಯ ಆದಾಯ ನೋಡದೆ ಆರಿಸಿ, ಬೇಕಾದಷ್ಟು ನೆರವು ಕೊಡುವ ಕಡೆ ಎಂಐಟಿ, ಹಾರ್ವರ್ಡ್, ಪ್ರಿನ್ಸ್‌ಟನ್, ಯೇಲ್, ಆಮ್‌ಹರ್ಸ್ಟ್ ಮುಂತಾದ ಬೆರಳೆಣಿಕೆಯಷ್ಟೇ. ಇವುಗಳಲ್ಲಿ ಎಂಐಟಿ ಕಾಮನ್ ಆ್ಯಪ್‌ನಲ್ಲಿಲ್ಲ, ಅದರ ಅರ್ಜಿಯೇ ಬೇರೆ, ಒಂದು ದೊಡ್ಡ ಪ್ರಬಂಧದ ಬದಲು ಹಲವು ಚಿಕ್ಕ ಉತ್ತರ ಕೇಳುತ್ತದೆ. ಉಳಿದ ಕಡೆ ಸೀಟು ಸಿಕ್ಕರೂ ನೆರವು ಸಿಗದೆ ಹೋಗಬಹುದು. ಹೊಲ ಅಡ ಇಡುವ ಮಾತು ಯಾರಾದರೂ ತೆಗೆದರೆ ಅವತ್ತೇ ಬೇಡ ಅನ್ನಿ. ಸಿಇಟಿ ಬಿಡಬೇಡಿ. ಮೈಸೂರಿನ ಎನ್‌ಐಇ ಆಗಲಿ, ಎಸ್‌ಜೆಸಿಇ ಆಗಲಿ, ಬೆಂಗಳೂರಿನ ಯುವಿಸಿಇ ಆಗಲಿ, ನಮ್ಮ ಮಕ್ಕಳು ಎಷ್ಟೋ ಜನ ಓದಿ ಬೆಳೆದ ಜಾಗಗಳು.

ಆ ಹುಡುಗಿ ಏನಾದಳು ಅಂತ ಕೇಳುತ್ತೀರಿ. ಕನ್ಸಲ್ಟೆಂಟು ಕೊಟ್ಟ ಹಾಳೆಗಳನ್ನು ನಮ್ಮ ಜಗಲಿಯಲ್ಲೇ ಬಿಟ್ಟುಹೋದಳು. ಹನ್ನೆರಡು ದಿನ ದಿನಾ ಸಂಜೆ ಬರೆದು, ಫೋನಿನಲ್ಲಿ ಫೋಟೋ ತೆಗೆದು ಕಳಿಸಿದಳು. ಅವಳ ಮೊದಲ ವಾಕ್ಯ: ‘ರಾತ್ರಿ 2 ಗಂಟೆ, 118 ಡಿಗ್ರಿ, ಅಪ್ಪ ಮಲಗಿದ್ದಾರೆ, ನಾನು ಎಬ್ಬಿಸುವುದಿಲ್ಲ.’ ಅರ್ಜಿ ಹಾಕಿದ ಒಂದು ಕಡೆ ಸೀಟು ಸಿಕ್ಕಿತು, ನೆರವು ಸಾಲಲಿಲ್ಲ. ಅವಳೇ ಲೆಕ್ಕ ಹಾಕಿ ಬೇಡ ಅಂದಳು. ಸಿಇಟಿಯಲ್ಲಿ ಮೈಸೂರಿನಲ್ಲೇ ಕಂಪ್ಯೂಟರ್ ಸೈನ್ಸ್ ಸಿಕ್ಕಿತು.

ಮೊನ್ನೆ ದಸರಾ ರಜೆಗೆ ಊರಿಗೆ ಹೋದವಳು ಒಂದು ಪುಟ್ಟ ಸೆನ್ಸರನ್ನು ಬ್ಯಾರನ್ನಿನೊಳಗೆ ಇಳಿಬಿಟ್ಟಿದ್ದಾಳೆ. ಡಿಗ್ರಿ ಈಗ ಫೋನಿನಲ್ಲೇ ಕಾಣುತ್ತದೆ. ಅಪ್ಪನಿಗೆ ಇನ್ನೂ ಪೂರ್ತಿ ನಂಬಿಕೆಯಿಲ್ಲ. ರಾತ್ರಿ ಎದ್ದು, ಟಾರ್ಚು ಹಿಡಿದು, ಕಿಂಡಿಯಲ್ಲಿ ಬಗ್ಗಿ ಹಳೇ ಥರ್ಮಾಮೀಟರನ್ನೇ ನೋಡಿ ಬರುತ್ತಾರಂತೆ. ಅವಳು ನೋಟ್‌ಬುಕ್ಕಿನಲ್ಲಿ ಹೊಸದೊಂದು ಗೆರೆ ಎಳೆದಿದ್ದಾಳೆ. ಎಡಗಡೆ ಸೆನ್ಸರು ಹೇಳಿದ್ದು 118, ಬಲಗಡೆ ಅಪ್ಪ ನೋಡಿದ್ದು 116. ‘ಯಾವುದು ಸರಿ ಅಂತ ಇನ್ನೂ ಗೊತ್ತಿಲ್ಲ ಸಾರ್, ಇನ್ನೆರಡು ಬ್ಯಾರನ್ ಆಗ್ಲಿ’ ಅಂದಳು.

ಭಾನುವಾರ ಬೆಳಗ್ಗೆ ಹತ್ತರಿಂದ ನಾನು ನಮ್ಮ ಜಗಲಿಯಲ್ಲೇ ಇರುತ್ತೇನೆ. ಬರುವಾಗ ಪೆನ್ಸಿಲಿನಲ್ಲಿ ಬರೆದದ್ದು ತನ್ನಿ.

ಇಂತಿ,
ನಿಮ್ಮ ಕನ್ನಡ ಮೇಷ್ಟ್ರು
ಹುಣಸೂರು